ಪುಟ್ಟಿ, ಟಿ.ಸಿ. ಕೇಳುವ ಮುಂಚೆ ಒಂದು ಅರ್ಜಿ ಬರಿ

ಪುಟ್ಟಿ, ಬೆಳಿಗ್ಗೆ ನೀನು ಮಗನ ಬಗ್ಗೆ ನಮ್ಮ ಮನೆಯವರ ಗ್ರೂಪಿಗೆ ಹಾಕಿದ್ದನ್ನು ಪೂರ್ತಿ ಓದಿದೆ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಿನಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದವಾಗಬಹುದು, ಕೆಲಸ ಮುಗಿಸಿಕೊಂಡು ನಿಧಾನವಾಗಿ ಕೇಳು. ಬೇರೆಯವರೂ ಕೇಳಲಿ, ಎಲ್ಲರ ಮನೆಯಲ್ಲೂ ಸ್ಕೂಲಿಗೆ ಹೋಗುವ ಮಕ್ಕಳಿದ್ದಾರೆ.

ಹುಡುಗ ಆರನೇ ಕ್ಲಾಸು. ಮಾತಾಡುವಾಗ ಒಮ್ಮೊಮ್ಮೆ ತೊದಲುತ್ತಾನೆ. ವ್ಯಾನಿನ ಹಿಂದಿನ ಸೀಟಿನಲ್ಲಿ ದೊಡ್ಡ ಹುಡುಗರು ಮೂರು ಜನ ಅವನ ಡಬ್ಬಿ ಕಿತ್ತುಕೊಂಡು, "ಪಪ್ಪಾಯಿ ಅನ್ನು, ಕೊಡ್ತೀವಿ" ಅನ್ನುತ್ತಾರೆ. ಅವನು "ಪ" ಹತ್ತಿರವೇ ನಿಂತುಬಿಡುತ್ತಾನೆ. ಇಡೀ ವ್ಯಾನು ನಗುತ್ತದೆ. ದಸರಾ ರಜೆ ಮುಗಿದಾಗಿನಿಂದ ಇದೇ ನಡೆದಿದೆ. ನಿನಗೆ ಗೊತ್ತಾಗಿದ್ದು ಅವನು ದಿನಾ ಬೆಳಿಗ್ಗೆ ಹೊಟ್ಟೆನೋವು ಅಂತ ಹಟ ಹಿಡಿದ ಮೇಲೆ. ಮಿಸ್ಸಿಗೆ ಫೋನ್ ಮಾಡಿದರೆ "ಮಕ್ಕಳು ಅಂದಮೇಲೆ ಇದೆಲ್ಲ ಇದ್ದಿದ್ದೇ ಅಲ್ವಾ" ಅಂದರಂತೆ. ಈಗ ಸ್ಕೂಲ್ ಬಿಡಿಸಲಾ ಅಂತ ಕೇಳಿದ್ದೀಯ.

ಅಣ್ಣ, ನೀವು "ತಿರುಗಿಸಿ ಎರಡು ಬಾರಿಸು ಅಂತ ಹೇಳಿಕೊಡಿ" ಅಂತ ಬರೆದಿದ್ದೀರಿ. ದಯವಿಟ್ಟು ಅವನ ಮುಂದೆ ಹಾಗೆ ಹೇಳಬೇಡಿ. ಅವನು ಒಬ್ಬ, ಅವರು ಮೂವರು. ಹೊಡೆಯಲು ಆಗಲಿಲ್ಲ ಅಂದರೆ ತನ್ನದೇ ತಪ್ಪು ಅಂದುಕೊಳ್ಳುತ್ತಾನೆ. ಹೊಡೆದರೆ ಮರುದಿನ ಆಫೀಸ್ ರೂಮಿನ ಮುಂದೆ ನಿಲ್ಲುವವನು ಅವನೇ. ಎರಡೂ ಕಡೆ ನಷ್ಟ ಅವನಿಗೇ.

ನಾನು ಇಷ್ಟು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ನೋಡಿದ್ದೇನೆ. ಇಂಥದ್ದು ಮೇಷ್ಟ್ರ ಕಣ್ಣೆದುರು ನಡೆಯುವುದೇ ಇಲ್ಲ. ವ್ಯಾನಿನ ಹಿಂದಿನ ಸೀಟು, ಟಾಯ್ಲೆಟ್ ಹತ್ತಿರ, ಕೈತೊಳೆಯುವ ನಲ್ಲಿ, ಒಬ್ಬ ಮೇಷ್ಟ್ರು ಹೋಗಿ ಇನ್ನೊಬ್ಬರು ಬರುವ ಮಧ್ಯದ ಐದು ನಿಮಿಷ. ಅದಕ್ಕೇ ಟೀಚರಿಗೆ "ನನ್ನ ಮಗನಿಗೆ ತೊಂದರೆ ಕೊಡ್ತಾರೆ" ಅಂದರೆ ಸಾಕಾಗುವುದಿಲ್ಲ. ಎಲ್ಲಿ, ಯಾವಾಗ, ಯಾರು, ಏನಂದರು, ಯಾರು ನೋಡಿದರು, ಅಷ್ಟೂ ಬೇಕು. ಬಾಯಿಮಾತಿನ ದೂರಿಗೆ ಸ್ಕೂಲಿನಲ್ಲಿ ಆಯಸ್ಸು ಕಡಿಮೆ ಪುಟ್ಟಿ. ಕಾಗದದಲ್ಲಿ ಬಂದರೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.

ಹಾಗಾಗಿ ಇವತ್ತು ರಾತ್ರಿ ಅವನ ಪಕ್ಕದಲ್ಲಿ ಕೂತು ಕೇಳು. ಲೈಟ್ ಆರಿಸಿದ ಮೇಲೆ ಕೇಳಿದರೂ ಸರಿ, ಮುಖ ಕಾಣದಿದ್ದರೆ ಮಕ್ಕಳು ಜಾಸ್ತಿ ಹೇಳುತ್ತಾರೆ. ಅವನು ಪದ ಹುಡುಕುವಾಗ ನೀನು ತುಂಬಿಸಬೇಡ, ಕಾಯಿ. "ನೀನ್ಯಾಕೆ ಮೊದಲೇ ಹೇಳಲಿಲ್ಲ" ಅನ್ನಬೇಡ. ಆಮೇಲೆ ಹೆಡ್‌ಮಾಸ್ಟರ್ ಹೆಸರಿಗೆ ಅರ್ಜಿ ಬರಿ, ತಾರೀಕು ಹಾಕಿ. ಎರಡು ಪ್ರತಿ ಇರಲಿ. ಒಂದನ್ನು ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಬಾ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸು.

ಏನು ಬೇಕು ಅಂತಲೂ ಅದರಲ್ಲೇ ಕೇಳು. ವ್ಯಾನಿನಲ್ಲಿ ಅವನಿಗೆ ಮುಂದಿನ ಸೀಟು. ಹಿಂದೆ ಕೂರಲು ಒಬ್ಬ ದೊಡ್ಡವರು. ಏನಾದರೂ ಆದರೆ ಅವನು ನೇರವಾಗಿ ಹೋಗಿ ಹೇಳಬಹುದಾದ ಒಬ್ಬ ಟೀಚರು. ಇನ್ನೊಂದು ಮಾತು ಒತ್ತಿ ಬರಿ: ಅವನನ್ನೂ ಆ ಹುಡುಗರನ್ನೂ ಒಟ್ಟಿಗೆ ನಿಲ್ಲಿಸಿ "ಸಾರಿ ಹೇಳು, ಕೈ ಕುಲುಕು" ಅನ್ನುವುದು ಬೇಡ. ಸ್ಟಾಫ್ ರೂಮಿನಲ್ಲಿ ಹೀಗೆ ರಾಜಿ ಮಾಡಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮೇಷ್ಟ್ರಿಗೆ ಸಮಾಧಾನ. ಮಗುವಿಗೆ ಅವತ್ತು ಸಂಜೆ ವ್ಯಾನಿನಲ್ಲಿ ಎರಡರಷ್ಟು.

"ತಮಾಷೆಗೆ ಮಾಡಿದ್ದು" ಅಂತ ಸ್ಕೂಲಿನವರು ಹೇಳಿದರೆ ಸುಮ್ನೆ ಎದ್ದು ಬರಬೇಡ. ನಿಮ್ಮದು ಸ್ಟೇಟ್ ಸಿಲಬಸ್ ಸ್ಕೂಲು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ರ‍್ಯಾಗಿಂಗ್ ನಿಷೇಧ ಇದೆ, ತಮಾಷೆಗೆ ಅಂತ ಮಾಡಿದ್ದೂ ಅದರಲ್ಲಿ ಸೇರುತ್ತದೆ. ಸಿಬಿಎಸ್‌ಇಯವರೂ 2015ರಲ್ಲೇ ಇದಕ್ಕೊಂದು ಸಮಿತಿ ಮಾಡಿ ಅಂತ ತಮ್ಮ ಶಾಲೆಗಳಿಗೆ ಹೇಳಿದ್ದಾರೆ, ನಮ್ಮ ಬೆಂಗಳೂರಿನವರು ಗಮನದಲ್ಲಿ ಇಟ್ಟುಕೊಳ್ಳಿ. ಟೀಚರೇ ಕ್ಲಾಸಿನಲ್ಲಿ ಅವನನ್ನು ಅಣಕಿಸಿದರೆ ಅದು ಬೇರೆಯದೇ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ.

ಒಂದು ವಾರ ನೋಡು. ಏನೂ ಆಗದಿದ್ದರೆ ಅದೇ ಅರ್ಜಿಯ ಜೆರಾಕ್ಸ್ ಇಟ್ಟು ಬಿಇಓ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿಗೆ ಕೊಡು. ಅಲ್ಲೂ ಆಗದಿದ್ದರೆ ಡಿಡಿಪಿಐ, ಅಂದರೆ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು. ಅದರಾಚೆ ಬೆಂಗಳೂರಿನಲ್ಲಿ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ. ಆದರೆ ಹೊಡೆತ ಬಿದ್ದರೆ, ಮೈ ಮುಟ್ಟಿದರೆ, ಬಟ್ಟೆ ಎಳೆದು ವಿಡಿಯೋ ಮಾಡಿದರೆ ಈ ಮೆಟ್ಟಿಲೆಲ್ಲ ಹತ್ತುತ್ತಾ ಕೂರಬೇಡ. ತಕ್ಷಣ 1098ಕ್ಕೆ ಫೋನ್ ಮಾಡು. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ. ಮಗುವೇ ಮಾಡಬಹುದು, ಆ ನಂಬರ್ ಅವನಿಗೆ ಬಾಯಿಪಾಠ ಮಾಡಿಸು.

ಆ ಹುಡುಗರ ಮನೆ ಬಾಗಿಲಿಗೆ ಹೋಗಬೇಡ. ಪೇರೆಂಟ್ಸ್ ಗ್ರೂಪಿನಲ್ಲಿ ಅವರ ಹೆಸರು ಹಾಕಲೇಬೇಡ. ಅವರೂ ಹನ್ನೆರಡು ಹದಿಮೂರರ ಮಕ್ಕಳೇ. ಅವರನ್ನು ತಿದ್ದಬೇಕು, ಊರಿಗೆಲ್ಲ ಸಾರಬಾರದು.

ತೊದಲಿಗೆ ಚಿಕಿತ್ಸೆ ಕೊಡಿಸೋಣ ಅಂತ ಅತ್ತಿಗೆ ಬರೆದಿದ್ದಾರೆ. ಖಂಡಿತ ತೋರಿಸೋಣ. ಮಂಡ್ಯದಿಂದ ಮೈಸೂರು ದೂರವೇನಲ್ಲ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೇ ಕೆಲಸ ಮಾಡುತ್ತಿದೆ. ಆದರೆ ಎರಡನ್ನೂ ಬೆರೆಸಬೇಡಿ. ತೊದಲು ಹೋದ ಮೇಲೆ ಕಾಟ ನಿಲ್ಲಲಿ ಅಂತ ಕಾಯುವುದಲ್ಲ. ಅವನು ಹೇಗೆ ಮಾತಾಡಿದರೂ ಅವನ ಡಬ್ಬಿ ಅವನ ಕೈಯಲ್ಲೇ ಇರಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಅವನೇ "ಅಮ್ಮ, ಇಲ್ಲಿ ಬೇಡ" ಅಂದರೆ ಆಗ ಟಿ.ಸಿ. ತಗೊಳ್ಳೋಣ, ನಾನೇ ಬಂದು ಬೇರೆ ಸ್ಕೂಲ್ ನೋಡುತ್ತೇನೆ.

ಭಾನುವಾರ ನಾಮಕರಣಕ್ಕೆ ಎಲ್ಲರೂ ಸೇರುತ್ತೇವೆ. ಅಲ್ಲಿ ಯಾರೂ ಅವನನ್ನು ಪಕ್ಕಕ್ಕೆ ಕರೆದು ಈ ವಿಷಯ ಕೆದಕಬೇಡಿ, ಎಲ್ಲರಿಗೂ ಕೈಮುಗಿದು ಕೇಳುತ್ತೇನೆ. ಪುಟ್ಟಿ, ಅರ್ಜಿ ಬರೆದು ಫೋಟೋ ತೆಗೆದು ನನಗೊಬ್ಬಳಿಗೇ ಕಳಿಸು, ಗ್ರೂಪಿಗೆ ಬೇಡ. ಸೋಮವಾರ ಹತ್ತಕ್ಕೆ ಸ್ಕೂಲ್ ಗೇಟಿನ ಹತ್ತಿರ ಇರುತ್ತೇನೆ, ಒಟ್ಟಿಗೇ ಒಳಗೆ ಹೋಗೋಣ.