ಮಳೆಯ ‘ಹ್ಯಾವಕ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಮುಂಬಯಿಯ ನಮ್ಮ ಸಂಘದ ಸ್ಮರಣ ಸಂಚಿಕೆಗಾಗಿ 2005ರ ಜುಲೈ 26ರ ಮಹಾಮಳೆಯನ್ನು ಕುರಿತ ಇಂಗ್ಲಿಷ್ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದ ಆ ಮಳೆಯ ಬಗ್ಗೆ ಲೇಖಕರು ‘ರೀಕ್ಡ್ ಹ್ಯಾವಕ್’ (wreaked havoc) ಎಂದಿರುವಲ್ಲಿ ನಾನು ‘ಸರ್ವನಾಶ ಮಾಡಿತು’ ಎಂದು ಬರೆದಿದ್ದೆ. ಕರಡು ಓದಿದ ಹಿರಿಯರೊಬ್ಬರು ಆ ಪದವನ್ನು ಹೊಡೆದುಹಾಕಿ, ‘ಅಂದು ನಮ್ಮ ಕಪಾಟಿನ ಕೆಳಗಿನ ಎರಡು ಸಾಲಿನ ಪುಸ್ತಕಗಳು ನೆನೆದು ಮುದ್ದೆಯಾದವು, ಮೇಲಿನವಕ್ಕೆ ಹನಿಯೂ ತಾಗಲಿಲ್ಲ, ಇದು ಸರ್ವನಾಶವೇ?’ ಎಂದು ಕೇಳಿದರು.

ಅವರ ಆಕ್ಷೇಪ ಸರಿಯೆಂದೇ ನನಗೂ ತೋರುತ್ತದೆ. ‘ಹ್ಯಾವಕ್’ ಎಂಬುದು ಹಳೆಯ ಫ್ರೆಂಚಿನಿಂದ ಬಂದ, ಸೈನಿಕರನ್ನು ಸುಲಿಗೆಗೆ ಬಿಡುವಾಗ ಹಾಕುತ್ತಿದ್ದ ಕೂಗು. ಇಂಗ್ಲೆಂಡಿನ ಎರಡನೆಯ ರಿಚರ್ಡ್ ದೊರೆಯ 1385ರ ಯುದ್ಧನಿಯಮಗಳಲ್ಲಿ ಹಾಗೆ ಕೂಗಿದವನಿಗೆ ತಲೆದಂಡ ವಿಧಿಸಲಾಗಿತ್ತು. ಹಾಗಾಗಿ ಈ ಪದದೊಳಗೆ ಇರುವುದು ಪೂರ್ತಿ ಅಳಿವಲ್ಲ, ಅಂಕೆ ತಪ್ಪಿ ಕಂಡಕಂಡಲ್ಲಿ ನುಗ್ಗಿದ ಹಾವಳಿ. ‘ರೀಕ್’ (wreak) ಕ್ರಿಯಾಪದಕ್ಕೂ ಮೊದಲಿದ್ದ ಅರ್ಥ ಸೇಡು ತೀರಿಸಿಕೊಳ್ಳುವುದು. ಕಾಗುಣಿತ ತಪ್ಪಿ ಅದೇ ಉಚ್ಚಾರದ ಇನ್ನೊಂದು ‘ರೀಕ್’ (reek) ಬರೆದರೆ ನಾರುವುದು ಎಂದಾಗುತ್ತದೆ. ಅಂದಿನ ನೀರಿಳಿದ ಮೇಲೆ ಮುಂಬಯಿಯ ಕುರ್ಲಾ ಬಡಾವಣೆಯನ್ನು ಕಂಡವರಿಗೆ ಅದೂ ತಪ್ಪೆನಿಸಲಾರದು.

ಲೇಖನದಲ್ಲಿ ಮುಂದೆ ಲೋಕಲ್ ರೈಲುಗಳ ವೇಳಾಪಟ್ಟಿಯ ವಿಷಯದಲ್ಲಿ ‘ಪ್ಲೇಡ್ ಹ್ಯಾವಕ್’ ಎಂದೂ ಇದೆ. ಅಲ್ಲಿ ‘ಅಸ್ತವ್ಯಸ್ತಗೊಳಿಸಿತು’ ಸಾಕು. ಕಷ್ಟವಿರುವುದು ಮೊದಲನೆಯದರಲ್ಲೇ. ಪತ್ರಿಕೆಗಳ ‘ಅವಾಂತರ’ ಅಂಗಳದಲ್ಲಿ ನೀರು ನಿಂತದ್ದಕ್ಕೂ ಸಲ್ಲುವಷ್ಟು ಸವೆದಿದೆ. ‘ದಾಂಧಲೆ’ ಎಂದರೆ ಕುಡಿದು ಬಂದವನ ನೆನಪಾಗುತ್ತದೆ. ‘ಗುಡಿಸಿ ಗುಂಡಾಂತರ’ ಎಂದರೆ ಏನೂ ಉಳಿಯದೆ ಮತ್ತೆ ಸರ್ವನಾಶಕ್ಕೇ ಮರಳಿದಂತೆ. ಮರಾಠಿಯವರು ‘ಪಾವಸಾನೆ ಥೈಮಾನ್ ಘಾತಲೆ’ ಎಂದು ಸಲೀಸಾಗಿ ಮುಗಿಸುತ್ತಾರೆ. ಅದಕ್ಕೆ ಹತ್ತಿರದ ನಮ್ಮ ‘ತಾಂಡವವಾಡಿತು’ ಬಡತನದಿಂದ ಭ್ರಷ್ಟಾಚಾರದವರೆಗೆ ಎಲ್ಲಕ್ಕೂ ಬಳಕೆಯಾಗಿ ಬಳಲಿದೆ.

ನೆಲಮಹಡಿಯಲ್ಲಿರುವ ಉಡುಪಿ ಕಡೆಯ ಅಕ್ಕ ಮಾತ್ರ ಯೋಚಿಸದೆ, ‘ಆ ಮಳೆ ಎಲ್ಲ ಲಗಾಡಿ ತೆಗೆಯಿತು ಮಾರಾಯ್ರೆ’ ಎಂದರು. ಕೆಟ್ಟದ್ದು, ಕೆಡಿಸಿದ ರಭಸ, ನೋಡಿದವರ ಸಿಟ್ಟು ಮೂರೂ ಅದರಲ್ಲಿವೆ. ನನ್ನ ಒಲವು ಅದರ ಕಡೆಗೇ ಇದೆ. ಆದರೆ ಸತ್ತವರ ಸಂಖ್ಯೆಯೂ ಬರುವ ಬರಹದಲ್ಲಿ ಈ ಆಡುಮಾತು ಹಗುರವಾಗಿ ಕೇಳಿಸುವುದೇ, ಹಾಗೂ ಧಾರವಾಡ, ಕಲಬುರಗಿ ಕಡೆಯ ಓದುಗರಿಗೆ ಇದು ವಿವರಣೆಯಿಲ್ಲದೆ ತಿಳಿಯುವುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.