ಚಿಪ್ ಇರೋ ಪಾಸ್‌ಪೋರ್ಟ್ ಬಂದಿದೆ, ಏನೇನು ಜಾಗ್ರತೆ ಬೇಕು?

ಕೇಳಿದ್ದು: ಅಮ್ಮನ ಪಾಸ್‌ಪೋರ್ಟ್ ರಿನ್ಯೂವಲ್‌ಗೆ ಕೊಟ್ಟಿದ್ವಿ, ಇ-ಪಾಸ್‌ಪೋರ್ಟ್ ಬಂದಿದೆ. ಪಕ್ಕದಲ್ಲಿ ನಿಂತವನು ಮೊಬೈಲ್‌ನಲ್ಲೇ ಎಲ್ಲ ವಿವರ ಎಳ್ಕೋಬಹುದು ಅಂತ ಭಾವ ಹೆದರಿಸಿದ್ದಾರೆ. ಅಮ್ಮ ಅದನ್ನ ಚಪಾತಿ ಸುತ್ತೋ ಫಾಯಿಲ್‌ನಲ್ಲಿಟ್ಟಿದ್ದಾರೆ! ವಿಶೇಷ ಕವರ್ ಕೊಳ್ಳಬೇಕಾ? ಕೊಟ್ಟಿರೋ ಬೆರಳಚ್ಚಿನ ಕತೆ ಏನು?

ಬೆಂಗಳೂರಿಂದ: ಕಾರ್ಡ್ ರೀಡರ್ ತಯಾರಿಸೋ ಕಡೆ ಕೆಲಸ ನನ್ನದು. ಈ ಚಿಪ್ ಓದೋಕೆ ಫೋನನ್ನ ರಟ್ಟಿಗೆ ತಾಗಿಸೋ ಹಾಗೆ ಹಿಡೀಬೇಕು. ಹಿಡಿದರೂ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಅವಧಿ ಮುಗಿಯೋ ದಿನ ಮೂರನ್ನೂ ಕೊಡಬೇಕು. ಒಂದಂಕಿ ತಪ್ಪಿದರೂ ಅದು ಬಾಯಿ ಬಿಡಲ್ಲ. ಆದರೆ ಈ ಮೂರೂ ಫೋಟೊ ಪುಟದ ಅಡಿಯಲ್ಲಿರೋ ಎರಡು ಸಾಲಲ್ಲೇ ಅಚ್ಚಾಗಿವೆ. ಅಂದ್ರೆ ಬೀಗದ ಕೈ ಇರೋದು ನೀವು ಹಂಚೋ ಝೆರಾಕ್ಸ್‌ನಲ್ಲಿ. ಅದು ಸಿಕ್ಕವನಿಗೆ ಹೆಸರು, ಫೋಟೊ ಆಗಲೇ ಸಿಕ್ಕಿರುತ್ತೆ, ಚಿಪ್ ಯಾಕೆ ಬೇಕು? ಕವರ್‌ಗೆ ದುಡ್ಡು ಹಾಕಬೇಡಿ.

ಹುಬ್ಬಳ್ಳಿಯಿಂದ: ಖರೇ ಮಾತ್ರೀ. ನಮ್ದು ಟ್ರಾವೆಲ್ಸ್ ಆಫೀಸು. ಮಂದಿ ಏನ್ ಮಾಡ್ತಾರ ಗೊತ್ತೇನ್ರಿ? ಟಿಕೆಟ್‌ಗೆ ನಂಬರ್ ಅಷ್ಟ ಕೇಳಿದ್ರ, ಮುಂದಿನ ಪುಟ, ಹಿಂದಿನ ಪುಟ ಎರಡೂ ವಾಟ್ಸಾಪ್‌ನ್ಯಾಗ ಒಗೀತಾರ. ಹಿಂದಿನ ಪುಟದಾಗ ತಂದಿ-ತಾಯಿ ಹೆಸರು, ಮನಿ ವಿಳಾಸ ಎಲ್ಲಾ ಇರ್ತೈತ್ರಿ! ಅವೆಲ್ಲಾ ನಮ್ಮ ಹುಡುಗರ ಫೋನಿನ ಗ್ಯಾಲರಿಯೊಳಗ ಮದುವಿ ಫೋಟೊ ಜೋಡಿ ಬಿದ್ದಿರ್ತಾವ. ಕೇಳಿದಷ್ಟ ಕೊಡ್ರಿ. ಝೆರಾಕ್ಸ್ ಕೊಡೂದ ಆದ್ರ ಅಡ್ಡಕ್ಕ ಪೆನ್ನಿನಿಂದ ‘ಇಂಥಾ ವೀಸಾಕ್ಕ ಮಾತ್ರ’ ಅಂತ ತಾರೀಖು ಹಾಕಿ ಬರೀರಿ. ಕೆಲಸ ಮುಗದ ಮ್ಯಾಲ ಅಳಸ್ರೀಪಾ ಅಂತ ಬಾಯಿ ಬಿಟ್ಟು ಹೇಳ್ರಿ, ನಾವೇನ್ ಸಿಟ್ಟಾಗಂಗಿಲ್ಲ.

ಮ್ಯೂನಿಕ್‌ನಿಂದ: ನಾನೀಗ ಜರ್ಮನ್ ಪೌರ. ಇಲ್ಲಿ 2007ರಿಂದ ಪಾಸ್‌ಪೋರ್ಟ್ ಚಿಪ್‌ಗೆ ಎರಡು ಬೆರಳಚ್ಚು ಹಾಕ್ತಾರೆ. ಮೇಲೆ ಹೇಳಿದ ಮೂರು ವಿವರ ಕೊಟ್ಟರೆ ಫೋಟೊ ಬರುತ್ತೆ, ಬೆರಳಚ್ಚು ಬರಲ್ಲ. ಅದನ್ನ ಓದೋ ಯಂತ್ರಕ್ಕೆ ಸರ್ಕಾರದ ಪ್ರತ್ಯೇಕ ಡಿಜಿಟಲ್ ಪರವಾನಗಿ ಇರಬೇಕು. ಪುಸ್ತಕ ನಮ್ಮ ಕೈ ಸೇರಿದ ಮೇಲೆ ಕಚೇರಿಯಲ್ಲಿರೋ ಬೆರಳಚ್ಚಿನ ಪ್ರತಿ ಅಳಿಸಬೇಕು ಅಂತ ಕಾನೂನೇ ಇದೆ. ಬೋಖುಮ್ ಊರಿನ ಒಬ್ಬರು ಬೆರಳಚ್ಚು ಕೊಡಲ್ಲ ಅಂತ ಯುರೋಪಿನ ನ್ಯಾಯಾಲಯದವರೆಗೆ ಹೋಗಿ 2013ರಲ್ಲಿ ಸೋತರು. ನೆದರ್‌ಲ್ಯಾಂಡ್ಸ್ ಎಲ್ಲರ ಬೆರಳಚ್ಚನ್ನೂ ಒಂದೇ ಕಡೆ ಕೂಡಿಡೋಕೆ ಹೊರಟು, ವಿರೋಧ ಎದ್ದ ಮೇಲೆ 2011ರಲ್ಲಿ ಕೈಬಿಟ್ಟಿತು. ನನ್ನ ಕೇಳಿದರೆ ಚಿಪ್‌ಗಿಂತ ಆ ಗೋದಾಮೇ ಭಯ.

ಮೈಸೂರಿಂದ: ನಮ್ಮಲ್ಲಿ ಸೇವಾ ಕೇಂದ್ರದ ‘ಎ’ ಕೌಂಟರ್‌ನಲ್ಲಿ ಬೆರಳಚ್ಚು ತಗೊಳ್ಳೋದು ಚಿಪ್ ಬರೋಕೆ ಮುಂಚಿನಿಂದ ಇದೆ, ಆಗ ಯಾರೂ ಫಾಯಿಲ್ ಹುಡುಕಲಿಲ್ಲ! ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿ ಮೇಲೆ. ಆದರೆ ಜನರ ವೈಯಕ್ತಿಕ ವಿವರ ಕಾಪಾಡೋಕೆ ಅಂತ ಮಾಡಿದ 2023ರ ದತ್ತಾಂಶ ಕಾಯಿದೆಯಲ್ಲಿ ಸರ್ಕಾರ ತನಗೆ ಬೇಕಾದ ಸಂಸ್ಥೆಗಳಿಗೆ ವಿನಾಯಿತಿ ಕೊಡೋ ದಾರಿ ಇಟ್ಟುಕೊಂಡಿದೆ. ಸರ್ಕಾರದ ಕೈಲಿರೋ ವಿವರದ ಆ ವಿಷಯ, ಅಮ್ಮ ಪಾಸ್‌ಪೋರ್ಟಿಗೆ ಫಾಯಿಲ್ ಸುತ್ತಿ ತಡೆಯೋ ಅಂಥದ್ದಲ್ಲ.

ಮಂಗಳೂರಿಂದ: ಒಂದು ಬಿಟ್ಟುಹೋಯ್ತು. ಅರ್ಜಿ ಜೊತೆ ಪಾಸ್‌ಪೋರ್ಟಿಗೇ ಸ್ಟೇಪ್ಲರ್ ಹೊಡೆಯೋಕೆ ಬಿಡಬೇಡಿ, ರಟ್ಟನ್ನ ಹಿಂದಕ್ಕೆ ಮಡಚಬೇಡಿ. ಚಿಪ್ ಸೂಕ್ಷ್ಮ.