ಬೇರಿನ ಒಳ್ಳೆಯ ಗಂಟಿಗೆ ಏನನ್ನೋಣ? ನಾಳೆ ಬೋರ್ಡ್ ಬರೆಸಬೇಕು

ಗೆಳೆಯರೇ, ಅರ್ಜೆಂಟಾಗಿ ಒಂದು ಪದ ಬೇಕು. ಕಲಬುರಗಿ ಹತ್ತಿರ ಬೇಸಿಗೆಗೆ ಹೆಸರುಕಾಳು ಬಿತ್ತಿದ ಹೊಲವೊಂದರಲ್ಲಿ ಬೋರ್ಡ್ ನಿಲ್ಲಿಸುತ್ತಿದ್ದೇವೆ, ಪೇಂಟರ್ ನಾಳೆ ಬರುತ್ತಾನೆ. ವಿಷಯ ಇಷ್ಟು. ಸತ್ವ ಇಲ್ಲದ ಮಸಾರಿ ಮಣ್ಣಿನಲ್ಲೂ ಬೇಳೆಕಾಳಿನ ಗಿಡ ಬದುಕುತ್ತದೆ, ಯಾಕಂದರೆ ಅದರ ಬೇರಿನಲ್ಲಿ ಕಾಳಿನಷ್ಟು ಸಣ್ಣ ಗುಂಡುಗಳಾಗಿ, ಅದರೊಳಗೆ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ಸೇರಿಕೊಂಡು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಮಣ್ಣು 25ರಿಂದ 30 ಡಿಗ್ರಿ ಇದ್ದರೆ ಅದಕ್ಕೆ ಹಿತ. 35 ದಾಟಿದರೆ ಹೆಚ್ಚಿನ ಬೆಳೆಗಳಲ್ಲಿ ಗುಂಡು ಕಟ್ಟುವುದೇ ಕಡಿಮೆ, ಕಟ್ಟಿದ್ದೂ ಸರಿಯಾಗಿ ದುಡಿಯುವುದಿಲ್ಲ. ಬಡ ಮಣ್ಣಲ್ವಾ, ಬೇರೆ ಕಡೆಯಿಂದ ಸಾರಜನಕ ಸಿಗದೆ ಗಿಡ ಹಳದಿಯಾಗಿ ಅಲ್ಲೇ ನಿಲ್ಲುತ್ತದೆ.

ಆ ಗುಂಡಿಗೆ 'ಬೇರುಗಂಟು' ಎಂದು ಬರೆದಿದ್ದೆ. ರೈತರೊಬ್ಬರು ಓದಿ "ಇದಕ್ಕ ಯಾವ ಎಣ್ಣಿ ಹೊಡೀಬೇಕ್ರಿ?" ಅಂದರು. ಅವರಿಗೆ ಬೇರುಗಂಟು ಅಂದರೆ ಬದನೆ, ಟೊಮೆಟೊಗೆ ಬರುವ ಜಂತುಹುಳುವಿನ ರೋಗ. ಇನ್ನೊಂದು, ಟೆಂಪರೇಚರ್‌ಗೆ ತಾಪಮಾನ ಸಾಕೋ, ಬೇರೆ ಇದೆಯೋ?

ಮರು:
ಮೂಲಗ್ರಂಥಿ. ರೋಗದ ಗೊಂದಲ ಬರುವುದಿಲ್ಲ.

ಮರು:
ದಯವಿಟ್ಟು ಬೇಡ. ಮೂಲ ಅಂದರೆ ಊರಲ್ಲಿ ಮೂಲವ್ಯಾಧಿ, ಗ್ರಂಥಿ ಅಂದರೆ ಥೈರಾಯ್ಡು. ಗಂಟನ್ನು ಕೈಬಿಡಬೇಡಿ. ಗಂಟು ಅಂದರೆ ಬರೀ ಉಬ್ಬಲ್ಲ, ಕೂಡಿಟ್ಟದ್ದೂ ಗಂಟೇ. ಇಡುಗಂಟು ಅನ್ನುತ್ತೇವೆ, ಸಾಲ ಕೊಟ್ಟವನು ಗಂಟು ಕೇಳುತ್ತಾನೆ. ಗಿಡ ಬೇರಿನಲ್ಲಿ ಮಾಡಿಕೊಂಡದ್ದೂ ಅದೇ. ಟೆಂಪರೇಚರ್‌ಗೆ 'ಕಾವು' ಎಂದು ಬರೆಯಿರಿ. ಕಾಯ್, ಕಾವು, ಕಾವಲಿ ಎಲ್ಲ ಒಂದೇ ಬೇರಿನವು, ಅಚ್ಚಗನ್ನಡ.

ಮರು:
ಗಂಟು ಗ್ರಂಥಿಯ ತದ್ಭವ. ಸಂಸ್ಕೃತ ಬೇಡ ಎನ್ನುತ್ತಾ ಸಂಸ್ಕೃತವನ್ನೇ ಹಿಡಿದಿದ್ದೀರಿ. ಕಾವು ಕೂಡ ಸರಿಹೋಗುವುದಿಲ್ಲ. ಮಣ್ಣು 15 ಡಿಗ್ರಿಗೆ ಇಳಿದಾಗ ಸೋಯಾ ಬೇರಿನಲ್ಲಿ ಗಂಟು ಕಟ್ಟುವುದು ತೀರಾ ತಡವಾಗುತ್ತದೆ, ಆ ಚಳಿಗೆ ಕಾವು ಅನ್ನುತ್ತೀರಾ? ಬಿಸಿಗೂ ತಂಪಿಗೂ ಒಂದೇ ಅಳತೆ ಹೇಳುವಾಗ ತಾಪಮಾನ ಬೇಕೇ ಬೇಕು.

ಮರು:
ತದ್ಭವ ಆದರೇನು? ನಮ್ಮ ನಾಲಿಗೆಗೆ ಒಗ್ಗಿ ಗಂಟು ಆದ ಮೇಲೆ ಅದು ನಮ್ಮದು. ಗ್ರಂಥಿಯನ್ನು ಹಾಗೇ ತಂದು ಹೇರುವುದು ಬೇರೆ ಮಾತು. ಚಳಿಗೆ ಕಾವು ಹೊಂದುವುದಿಲ್ಲ ಅನ್ನುವುದನ್ನು ಒಪ್ಪಿದೆ, ಆದರೆ ಇವರ ಬೋರ್ಡಿನಲ್ಲಿ ಚಳಿ ಎಲ್ಲಿದೆ?

ಮರು:
ಇಷ್ಟೆಲ್ಲ ಯಾಕೆ, ಇಂಗ್ಲಿಷಿನಲ್ಲಿ ಈ ಗಂಟಿಗೆ ಅನ್ನುವ ಹಾಗೆ ನಾಡ್ಯೂಲ್ ಎಂದು ಬರೆದರಾಯಿತು. ಯೂರಿಯಾ, ಡಿಎಪಿ ಅನ್ನುವವರಿಗೆ ಅದೇನು ಕಷ್ಟ? ರೈಜೋಬಿಯಂ ಕೂಡ ಗ್ರೀಕ್ ಮೂಲದ್ದೇ. ಅದನ್ನು ಯಾರೂ ತಡೆಯಲಿಲ್ಲ.

ಮರು:
ಯೂರಿಯಾ ಚೀಲದ ಜೊತೆಗೆ ಬಂದ ಹೆಸರು. ಈ ಗಂಟು ರೈತರ ಹೊಲದಲ್ಲಿ ಮೊದಲಿನಿಂದ ಇದೆ, ಕಳೆ ಕೀಳುವಾಗ ದಿನಾ ಕೈಗೆ ಸಿಗುತ್ತದೆ. ಕಣ್ಣೆದುರಿನ ವಸ್ತುವಿಗೂ ಸಾಲದ ಹೆಸರು ತಂದರೆ ನನಗೆ ಸಿಟ್ಟು ಬರುತ್ತದೆ. ಅವರನ್ನೇ ಕೇಳಿ ನೋಡಿದ್ದೀರಾ?

ಮರು:
ಕೇಳಿದೆ. ಇವತ್ತು ಬೆಳಿಗ್ಗೆ ಒಂದು ಹೆಸರು ಗಿಡ ಕಿತ್ತು ತೋರಿಸಿದೆ. ರೋಗದ ಗಂಟಿನಲ್ಲಿ ಬೇರೇ ಉಬ್ಬಿರುತ್ತದೆ, ಕಳಚುವುದಿಲ್ಲ. ಇದು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿನಿಂದ ತಳ್ಳಿದರೆ ಬಿಡುತ್ತದೆ. ದುಡಿಯುವ ಗಂಟನ್ನು ಸೀಳಿದರೆ ಒಳಗೆ ನಸುಗೆಂಪು. ಗಾಳಿಯಿಂದ ಸಾರಜನಕ ತರುತ್ತದೆ ಅಂದಾಗ ಅದೇ ರೈತರು "ಅಂದ್ರ ಇದು ಗೊಬ್ಬರದ ಗಂಟು ಅನ್ರಿ" ಅಂದರು. ನನಗೆ ಇದಕ್ಕಿಂತ ಒಳ್ಳೆಯದು ಹೊಳೆಯಲಿಲ್ಲ.

ಬೋರ್ಡಿಗೆ ಹೀಗೆ ಕೊಟ್ಟಿದ್ದೇನೆ: "ಬೇರಿನಲ್ಲಿರುವುದು ಗೊಬ್ಬರದ ಗಂಟು, ರೋಗವಲ್ಲ. ಸೀಳಿ ನೋಡಿ, ಒಳಗೆ ಕೆಂಪಿದ್ದರೆ ಒಳ್ಳೆಯದು. ಮಣ್ಣಿನ ಕಾವು 35 ಡಿಗ್ರಿ ದಾಟಿದರೆ ಗಂಟು ಕಡಿಮೆ. ಸಾಲಿನ ನಡುವೆ ಹೊಟ್ಟು, ಒಣಎಲೆ ಹೊದಿಸಿ." ತಾಪಮಾನ ಎಂದವರು ಬೇಸರ ಮಾಡಿಕೊಳ್ಳಬೇಡಿ, ಚಳಿಗಾಲದ ಕಡಲೆ ಬೋರ್ಡಿಗೆ ಅದನ್ನೇ ಬಳಸುತ್ತೇನೆ.

ಮರು:
ಗೊಬ್ಬರದ ಗಂಟು ಯಾಕೆ? ಸಮಾಸ ಮಾಡಿ, ಗೊಬ್ಬರಗಂಟು. ಪೇಂಟರ್ ಶುರು ಮಾಡುವ ಮೊದಲು ತಿದ್ದಿ.